ಹಳೆಯ ವಾಚಿಗೆ ಹೊಸ ಮುಖವೇಕೆ?

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಎಂಟನೆಯ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ಪಾಠಕ್ಕಿಂತ ಕಿಟಕಿಯನ್ನೇ ಹೆಚ್ಚು ನೋಡುತ್ತಿದ್ದ ಹುಡುಗ. ಈಗ ಇಬ್ಬರು ಮಕ್ಕಳ ತಂದೆ. ನಿವೃತ್ತಿಯ ನಂತರ ನಾನು ಹಳೆಯ ಕೈಗಡಿಯಾರಗಳನ್ನು ಬಿಚ್ಚಿ ಜೋಡಿಸುವ ಹವ್ಯಾಸಕ್ಕೆ ಬಿದ್ದಿರುವುದು ಅವನಿಗೆ ಯಾರಿಂದಲೋ ತಿಳಿದಿತ್ತು. ಕಾಫಿ ಬರುವ ಮೊದಲೇ ಮುಂಗೈ ಚಾಚಿ, "ಸರ್, ಎಚ್‌ಎಂಟಿ ಪೈಲಟ್! ಆನ್‌ಲೈನ್‌ನಲ್ಲಿ ತರಿಸಿದೆ. ಹೇಗಿದೆ?" ಎಂದ.

ನೋಡಿದೆ. ಮುಖ ಕಿತ್ತಳೆ ಬಣ್ಣ. ಪೈಲಟ್ ಎಂದರೆ ಕಪ್ಪು ಮುಖದ ವಾಚೆಂದೇ ನಮ್ಮ ಕಾಲದವರ ನೆನಪು. ಅದನ್ನು ಬಿಡೋಣ. ಭೂತಗನ್ನಡಿ ಹಿಡಿದು ನೋಡಿದರೆ ಅಕ್ಷರಗಳ ಅಂಚು ಮಳೆಯಲ್ಲಿ ನೆನೆದ ಲಕೋಟೆಯ ವಿಳಾಸದಂತೆ ಹರಡಿಕೊಂಡಿತ್ತು. ನಿಮಿಷದ ಗೆರೆಗಳು ಅಂಕಿಗಳಿಗೆ ಸರಿಯಾಗಿ ಕೂಡುತ್ತಿರಲಿಲ್ಲ. ಸೆಕೆಂಡಿನ ಮುಳ್ಳು ಬೇರಾವುದೋ ವಾಚಿನದು; ಗೆರೆಯನ್ನು ಮುಟ್ಟುವ ಮೊದಲೇ ಮುಗಿದುಹೋಗಿತ್ತು. ಹೊರಕವಚವನ್ನು ಎಷ್ಟು ಉಜ್ಜಿದ್ದರೆಂದರೆ ಅಂಚುಗಳೆಲ್ಲ ಸವೆದು ಬಾಯಲ್ಲಿಟ್ಟು ಚೀಪಿದ ಪೆಪ್ಪರಮಿಂಟಿನಂತಾಗಿತ್ತು.

"ಓಡುತ್ತದೆ" ಎಂದಷ್ಟೇ ಹೇಳಿದೆ. ಅವನು ಸಂತೋಷದಿಂದ, "ನಮ್ಮ ಅಜ್ಜನದೊಂದು ಜನತಾ ವಾಚ್ ಮನೆಯಲ್ಲಿದೆ ಸರ್. ಮುಖವೆಲ್ಲ ಹಳದಿ ತಿರುಗಿದೆ, ಗಾಜು ಒಡೆದಿದೆ. ಅದಕ್ಕೂ ಹೀಗೇ ಹೊಸ ಡಯಲ್ ಮಾಡಿಸಬೇಕೆಂದಿದ್ದೇನೆ" ಎಂದ. ಅಲ್ಲಿಯವರೆಗೆ ಮಾತನ್ನು ನುಂಗಿಕೊಂಡಿದ್ದ ನನಗೆ ಮತ್ತೆ ಸುಮ್ಮನಿರಲಾಗಲಿಲ್ಲ. ಅಂದು ಅವನಿಗೆ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಹಲವರ ಮನೆಯ ಬೀರುವಿನಲ್ಲೂ ಅಂತಹದೊಂದು ವಾಚ್ ಇದ್ದೇ ಇರುತ್ತದೆಂದು ನನಗೆ ಗೊತ್ತು.

ಡಯಲ್ ಹೊಸದು ಮಾಡುವುದೆಂದರೆ ಏನು? ವಾಚಿನ ಮುಖದ ತಗಡನ್ನು ಕಳಚಿ, ಅದರ ಮೇಲಿನ ಮೂಲ ಬಣ್ಣವನ್ನೂ ಅಚ್ಚನ್ನೂ ಕೆರೆದು ತೆಗೆದು, ಹೊಸ ಬಣ್ಣ ಬಳಿದು, ಅದರ ಮೇಲೆ ಹೆಸರನ್ನೂ ಅಂಕಿಗಳನ್ನೂ ಮತ್ತೆ ಮುದ್ರಿಸುವುದು. ಇದರಿಂದ ವಾಚಿನ ಓಟಕ್ಕೆ ಎಳ್ಳಷ್ಟೂ ಉಪಯೋಗವಿಲ್ಲ. ಯಂತ್ರವಿರುವುದು ತಗಡಿನ ಹಿಂದೆ. ಅಲ್ಲಿ ಎಣ್ಣೆ ಒಣಗಿ ಅಂಟಾಗಿರಬಹುದು, ಮೇನ್ ಸ್ಪ್ರಿಂಗ್ ಬಲಗುಂದಿರಬಹುದು, ಚಕ್ರದ ಸೂಜಿಮೊನೆಯಂತಹ ತುದಿ ಸವೆದಿರಬಹುದು. ಅದನ್ನು ಮುಟ್ಟದೆ ಮುಖಕ್ಕೆ ಬಣ್ಣ ಬಳಿದು ಮಾರುವುದಕ್ಕೆ ರಿಪೇರಿ ಎಂಬ ಹೆಸರು ಸಲ್ಲದು. ಶಾಲೆಗೆ ಇನ್ಸ್‌ಪೆಕ್ಟರ್ ಬರುವ ಹಿಂದಿನ ದಿನ ಗೋಡೆಗೆ ಸುಣ್ಣ ಬಳಿಸುತ್ತಿದ್ದುದು ನಿಮಗೆ ನೆನಪಿದ್ದರೆ, ಇದು ಅದೇ ಜಾತಿಯದು.

ಎಚ್‌ಎಂಟಿಯ ವಿಷಯದಲ್ಲಿ ನನ್ನ ಹೊಟ್ಟೆಯುರಿ ಇನ್ನೂ ಹೆಚ್ಚು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಈ ವಾಚುಗಳ ತಯಾರಿಕೆ ಆರಂಭವಾಯಿತು. ಮೊದಲ ಕಂತಿನ ವಾಚುಗಳನ್ನು ಪ್ರಧಾನಿ ನೆಹರೂ ಬಿಡುಗಡೆ ಮಾಡಿದರು. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಬಂತು. ನಮ್ಮ ಕಡೆ ಮದುವೆಯ ಗಂಡಿಗೆ ವಾಚೆಂದರೆ ಎಚ್‌ಎಂಟಿ, ಪರೀಕ್ಷೆಯಲ್ಲಿ ಪಾಸಾದ ಮಗನಿಗೆ ವಾಚೆಂದರೆ ಎಚ್‌ಎಂಟಿ. ಆಮೇಲೆ ಬ್ಯಾಟರಿಯ ಕ್ವಾರ್ಟ್ಜ್ ವಾಚುಗಳು ಬಂದವು, ಕೀ ಕೊಡುವ ವಾಚು ಮೂಲೆಗುಂಪಾಯಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಬದುಕಿದ್ದಾಗ ಕೇಳದಿದ್ದ ಜನ ಸತ್ತ ಮೇಲೆ ಹುಡುಕಿಕೊಂಡು ಬಂದರು. ಹೀಗೆ ಬೇಡಿಕೆ ಹುಟ್ಟಿದ ಕಡೆ ಬಣ್ಣ ಬಳಿಯುವವರೂ ಹುಟ್ಟಿದರು. ಕಾರ್ಖಾನೆ ಎಂದೂ ಮಾಡಿರದ ಗುಲಾಬಿ, ಗಿಳಿಹಸಿರು ಮುಖಗಳು ಇಂದು ಎಚ್‌ಎಂಟಿ ಹೆಸರಿನಲ್ಲಿ ಮಾರಾಟವಾಗುತ್ತಿವೆ. ಅಂತಹ ಒಂದೊಂದರ ಅಡಿಯಲ್ಲೂ ಒಂದು ನಿಜವಾದ ಮುಖ ಕೆರೆಸಿಕೊಂಡು ಹೋಗಿರುವ ಸಂಭವವಿದೆ.

ಇದನ್ನು ಓದಿದರೆ ನನ್ನ ಅಣ್ಣನ ಮಗ ಸುಮ್ಮನಿರುವವನಲ್ಲ. ಅವನ ವಾದ ನನಗೆ ಬಾಯಿಪಾಠವಾಗಿದೆ: "ಚಿಕ್ಕಪ್ಪ, ಗುಜರಿಗೆ ಹೋಗುವ ವಾಚು ಯಾರದೋ ಕೈಯ ಮೇಲೆ ಓಡುತ್ತಿದೆಯಲ್ಲ, ಅದು ಒಳ್ಳೆಯದಲ್ಲವೆ? ಸಾವಿರದೈನೂರು ರೂಪಾಯಿಗೆ ಹುಡುಗರು ಕೀ ಕೊಡುವ ವಾಚು ಕಟ್ಟಿಕೊಳ್ಳುತ್ತಾರೆ. ನಿಮ್ಮ ಮಡಿವಂತಿಕೆಯಿಂದ ಯಾರಿಗೆ ಲಾಭ?" ಈ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಮುಖದ ಬಣ್ಣ ಪೂರ್ತಿ ಉದುರಿ, ಅಂಕಿಯೇ ಕಾಣದಂತಾದ ವಾಚಿಗೆ ಬಣ್ಣ ಬಳಿದರೆ, ಬಳಿದದ್ದೆಂದು ಹೇಳಿ ಮಾರಿದರೆ, ನನ್ನ ತಕರಾರಿಲ್ಲ. ಆದರೆ ಹಾಗೆ ಹೇಳುವವರನ್ನು ನಾನು ಕಂಡದ್ದು ಕಡಿಮೆ. ಮೇಲಾಗಿ ಕೆರೆಸಿಕೊಳ್ಳುತ್ತಿರುವುದು ಹಾಳಾದ ಮುಖಗಳಷ್ಟೇ ಅಲ್ಲ. ತುಸು ಹಳದಿಯಾದದ್ದು, ಎಲ್ಲೋ ಒಂದು ಚುಕ್ಕೆ ಬಿದ್ದದ್ದು, ಓದಲು ಏನೂ ತೊಂದರೆಯಿಲ್ಲದ್ದು ಸಹ.

ಹಳೆಯ ಕಾರುಗಳ ಮಾತೇ ಬೇರೆ ಎಂಬುದನ್ನೂ ಒಪ್ಪುತ್ತೇನೆ. ಸ್ನೇಹಿತರೊಬ್ಬರು ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡಿದ್ದಾರೆ. ಮಳೆಗಾಲದಲ್ಲಿ ಅದರ ಬಾಗಿಲಿನ ಅಡಿ ತುಕ್ಕು ಹಿಡಿಯುತ್ತದೆ. ಬಣ್ಣ ಬಳಿಯದಿದ್ದರೆ ಕಬ್ಬಿಣವನ್ನೇ ತಿಂದುಬಿಡುತ್ತದೆ. ಅಲ್ಲಿ ಬಣ್ಣವೆಂಬುದು ಔಷಧ. ವಾಚಿನ ಮುಖ ಗಾಜಿನೊಳಗೆ ಬೆಚ್ಚಗೆ ಕುಳಿತಿರುತ್ತದೆ. ಒಳಗೆ ತೇವ ಸೇರದಂತೆ ನೋಡಿಕೊಂಡರೆ ಇದ್ದ ಕಲೆ ಇದ್ದ ಹಾಗೆಯೇ ಇರುತ್ತದೆ.

ಇಷ್ಟು ಖಡಾಖಂಡಿತವಾಗಿ ಬರೆಯುವ ಅಧಿಕಾರ ನನಗೆಲ್ಲಿಂದ ಬಂತು ಎಂದು ಕೇಳುವಿರಾದರೆ, ತಪ್ಪು ಮಾಡಿದವನಿಗೆ ಇರುವ ಅಧಿಕಾರವೇ ನನ್ನದು.

ನಮ್ಮ ತಂದೆ ಹಳ್ಳಿಗಳಿಗೆ ಅಂಚೆ ಹಂಚುವ ಕೆಲಸದಲ್ಲಿದ್ದರು. 1971ರಲ್ಲಿ ಒಂದು ಜನತಾ ವಾಚ್ ಕೊಂಡರು. ಬಿಳಿಯ ಮುಖ, ಹದಿನೇಳು ಕಲ್ಲಿನದು. ಒಂದು ಮಳೆಗಾಲದಲ್ಲಿ ಹಳ್ಳ ದಾಟುವಾಗ ಕಾಲು ಜಾರಿ ಬಿದ್ದು, ಅಂಚೆಯ ಚೀಲವನ್ನು ತಲೆಯ ಮೇಲೆತ್ತಿ ಹಿಡಿದುಕೊಂಡೇ ದಡ ಸೇರಿದರು. ಕಾಗದಗಳು ಒಣಗಿಯೇ ಉಳಿದವು, ವಾಚಿನೊಳಗೆ ನೀರು ಹೊಕ್ಕಿತು. ಪೇಟೆಯ ರಿಪೇರಿಯವರು ಅದನ್ನು ಮತ್ತೆ ಓಡಿಸಿಕೊಟ್ಟರಾದರೂ, ನಾಲ್ಕು ಮತ್ತು ಐದರ ನಡುವೆ ಕಂದು ಬಣ್ಣದ ಕಲೆಯೊಂದು ಉಳಿದುಬಿಟ್ಟಿತು, ಹುರುಳಿಕಾಳಿನಷ್ಟು. ನಾವು ಮಕ್ಕಳು ಅದನ್ನು 'ಹಳ್ಳ' ಎಂದೇ ಕರೆಯುತ್ತಿದ್ದೆವು. "ಮುಳ್ಳು ಹಳ್ಳಕ್ಕೆ ಬಂತು" ಎಂದರೆ ಅಪ್ಪ ಮನೆಗೆ ಬರುವ ಹೊತ್ತು.

ಅವರು 1991ರಲ್ಲಿ ತೀರಿಕೊಂಡರು. ಮೂರು ವರ್ಷದ ನಂತರ ನಾನು ಆ ವಾಚನ್ನು ಕಟ್ಟಿಕೊಳ್ಳಬೇಕೆಂದು ನಗರದ ಅಂಗಡಿಯೊಂದಕ್ಕೆ ಕೊಟ್ಟೆ. ಕೊಡುವಾಗ ನಾನಾಡಿದ ಮಾತು: "ಹೊಸದರಂತೆ ಮಾಡಿಕೊಡಿ." ಅವರು ಹಾಗೆಯೇ ಮಾಡಿಕೊಟ್ಟರು. ವಾರದ ನಂತರ ಹೊಳೆಯುವ ಬೆಳ್ಳಿಬಣ್ಣದ ಮುಖದ ವಾಚೊಂದನ್ನು ಮನೆಗೆ ತಂದು ಅಮ್ಮನ ಕೈಗಿಟ್ಟೆ. ಅಮ್ಮ ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗಿದೆ. ಯಾರದು?" ಎಂದು ಕೇಳಿದರು.

ಅಂಗಡಿಯವರನ್ನು ನಾನು ಬೈಯುವಂತಿಲ್ಲ. ಕೇಳಿದವನು ನಾನು. ಇಂದಿಗೂ ಗಿರಾಕಿಗಳಾದ ನಾವು ಕೇಳುವುದರಿಂದಲೇ ಈ ಕೆಲಸ ನಡೆಯುತ್ತಿದೆ. ಗೂಡಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ ಹಿರಿಯ ರಿಪೇರಿಯವರು, "ಡಯಲ್ ಹಾಗೇ ಇರಲಿ ಬಿಡಿ ಸ್ವಾಮಿ, ಒಳಗೆ ಸರಿಮಾಡುತ್ತೇನೆ" ಎಂದರೆ ನಮಗೆ ಸಮಾಧಾನವಿಲ್ಲ. ಒಳಗಿನ ಕೆಲಸಕ್ಕೆ ಮುನ್ನೂರು ರೂಪಾಯಿ ಕೇಳಿದರೆ ಚೌಕಾಸಿ ಮಾಡುತ್ತೇವೆ. ಹೊಳಪಿಗಾದರೆ ಎರಡು ಮಾತಿಲ್ಲದೆ ಕೊಡುತ್ತೇವೆ. ಕಣ್ಣಿಗೆ ಕಾಣುವ ಕೆಲಸಕ್ಕೆ ಮಾತ್ರ ಕೂಲಿ ಎಂಬ ನಮ್ಮ ಬುದ್ಧಿ ಅವರ ವಿದ್ಯೆಯನ್ನೇ ಮರೆಸುತ್ತಿದೆ.

ಆ ವಿದ್ಯೆ ಎಷ್ಟು ಸೂಕ್ಷ್ಮವೆಂದು ನನಗೆ ಅರ್ಥವಾದದ್ದು ನಾನೇ ಚಿಮಟ ಹಿಡಿದ ಮೇಲೆ. ಜನತಾ ವಾಚಿನ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಬಡಿತ ಬಡಿಯುತ್ತದೆ. ಸೆಕೆಂಡಿಗೆ ಐದು, ದಿನಕ್ಕೆ 4,32,000. ಅದರ ತುದಿಗಳು ಕೂದಲಿನಷ್ಟು ಸಣ್ಣವು. ಬಿದ್ದರೆ ಅವು ಮುರಿಯದಿರಲೆಂದು ಮೇಲೊಂದು ಪುಟ್ಟ ಸ್ಪ್ರಿಂಗ್ ಇರುತ್ತದೆ. ಡಯಲಿನ ಮೇಲೆ 'ಪ್ಯಾರಾ ಶಾಕ್' ಎಂದು ಬರೆದಿರುವುದು ಆ ಏರ್ಪಾಟಿನ ಹೆಸರನ್ನೇ. ನಾನು ಮೊದಲ ಬಾರಿ ಅದನ್ನು ಬಿಚ್ಚಿದಾಗ ಆ ಸ್ಪ್ರಿಂಗ್ ಹಾರಿ ಹೋಯಿತು. ಮಂಚದಡಿ ಅಂಗಾತ ಮಲಗಿ ಎರಡು ದಿನ ಹುಡುಕಿದ್ದೇನೆ, ಇನ್ನೂ ಸಿಕ್ಕಿಲ್ಲ. ಇನ್ನೊಂದು ವಾಚಿನ ಹೇರ್ ಸ್ಪ್ರಿಂಗ್ ನನ್ನ ಚಿಮಟದ ತುದಿ ತಾಗಿ ಸುರುಳಿ ತಪ್ಪಿತು. ಎಣ್ಣೆ ಹಾಕುವುದು ಎಂದರೆ ಬಾಟಲಿಯಿಂದ ಸುರಿಯುವುದೆಂದು ತಿಳಿದಿದ್ದೆ. ಸೂಜಿಯ ತುದಿಯಲ್ಲಿ ನಿಂತ ಹನಿಯೂ ಕೆಲವೆಡೆ ಜಾಸ್ತಿ.

ಇಂತಹ ಪೆಟ್ಟುಗಳನ್ನು ತಿಂದು ನಾನು ನನಗೇ ಹಾಕಿಕೊಂಡ ಕಟ್ಟಳೆಯೊಂದಿದೆ: ಹಿಂದಕ್ಕೆ ಪಡೆಯಲಾಗದ ಕೆಲಸವನ್ನು ಮಾಡಕೂಡದು. ಯಂತ್ರವನ್ನು ಪೂರ್ತಿ ಬಿಚ್ಚಿ ತೊಳೆಯಬಹುದು, ಎಣ್ಣೆ ಹಾಕಬಹುದು, ಸೋತ ಮೇನ್ ಸ್ಪ್ರಿಂಗ್ ಬದಲಿಸಬಹುದು. ಪ್ಲಾಸ್ಟಿಕ್ ಗಾಜಿನ ಗೀರುಗಳನ್ನು ಹಲ್ಲುಜ್ಜುವ ಪೇಸ್ಟಿನಿಂದ ತಿಕ್ಕಬಹುದು, ಒಡೆದಿದ್ದರೆ ಹೊಸದು ಹಾಕಬಹುದು. ಡಯಲನ್ನು ಮಾತ್ರ ಬಟ್ಟೆಯಿಂದ ಒರೆಸುವುದೂ ಬೇಡ. ಬಹಳ ಹಳೆಯ ವಿದೇಶಿ ವಾಚುಗಳಲ್ಲಿ ಕತ್ತಲಲ್ಲಿ ಹೊಳೆಯಲೆಂದು ಬಳಿದ ಬಣ್ಣದಲ್ಲಿ ರೇಡಿಯಂ ಇರುತ್ತಿತ್ತು. ಅದರ ಹೊಳಪು ಆರಿದರೂ ವಿಕಿರಣ ಆರುವುದಿಲ್ಲ. ಅಂತಹುದನ್ನು ಕೆರೆದು ಧೂಳು ಉಸಿರಿಗೆ ಹೋದರೆ ಪ್ರಾಣಕ್ಕೇ ಕೇಡು.

ಆ ಹುಡುಗನ ಕಿತ್ತಳೆ ವಾಚನ್ನು ಬಿಚ್ಚಿ ನೋಡಿದೆ. ಒಳಗಿನ ಯಂತ್ರ ಅಪ್ಪಟ ಎಚ್‌ಎಂಟಿ. ಪಾಪ, ವರ್ಷಗಳಿಂದ ಯಾರೂ ತೊಳೆದಿರಲಿಲ್ಲ. ತೊಳೆದು, ಎಣ್ಣೆ ಹಾಕಿ, ಮೂರು ದಿನ ಓಡಿಸಿ ನೋಡಿದೆ. ಈಗ ದಿನಕ್ಕೆ ಇಪ್ಪತ್ತು ಸೆಕೆಂಡು ಮುಂದೆ ಹೋಗುತ್ತಿದೆ, ಪರವಾಗಿಲ್ಲ. ಮುಂದಿನ ಭಾನುವಾರ ಅದನ್ನು ಒಯ್ಯಲು ಬರುತ್ತಾನೆ. ಬರುವಾಗ ಅಜ್ಜನ ವಾಚನ್ನೂ ತರಲು ಹೇಳಿದ್ದೇನೆ, ಗಾಜು ತರಿಸಿಟ್ಟಿದ್ದೇನೆ. ದಾರಿಯಲ್ಲಿ ಯಾವ ಅಂಗಡಿಗೂ ತೋರಿಸಬೇಡವೆಂದು ಫೋನಿನಲ್ಲಿ ಎರಡು ಸಲ ಹೇಳಿದ್ದಾಯಿತು.