ಬರೀ ‘ಹಾಯ್’ ಎಂದರೆ ಯಾರು ಬಾಗಿಲು ತೆಗೆಯುತ್ತಾರೆ?

ಕನ್ನಡ ನಾಡಿನಲ್ಲಿ ಕನ್ನಡಿಗನಿಗೆ ಕೆಲಸ ಕೊಡಿ ಎಂದು ನಾವು ಬೀದಿಯಲ್ಲಿ ನಿಂತು ಕೂಗುತ್ತಲೇ ಇದ್ದೇವೆ. ಸರೋಜಿನಿ ಮಹಿಷಿ ಸಮಿತಿ ವರದಿ ಕೊಟ್ಟದ್ದು 1986ರಲ್ಲಿ. 2024ರ ಜುಲೈನಲ್ಲಿ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಗದ್ದಲ ಎಬ್ಬಿಸಿದ್ದೇ ತಡ, ಅದೇ ವಾರ ಸರ್ಕಾರ ಅದನ್ನು ತಡೆಹಿಡಿಯಿತು! ಈ ಹೋರಾಟ ನಿಲ್ಲುವುದಿಲ್ಲ, ನಿಲ್ಲಲೂ ಬಾರದು. ಆದರೆ ಕಾನೂನು ಬರುವ ತನಕ ನಮ್ಮ ಹುಡುಗ ಹುಡುಗಿಯರು ಕೈಕಟ್ಟಿ ಕೂರಬೇಕೆ?

ಬೆಂಗಳೂರಿನಲ್ಲಿ ಎಷ್ಟೋ ಕೆಲಸಗಳ ಸುದ್ದಿ ಜಾಹೀರಾತಿಗೆ ಬರುವ ಮೊದಲೇ ಬಾಯಿಂದ ಬಾಯಿಗೆ, ಫೋನಿನಿಂದ ಫೋನಿಗೆ ಓಡಾಡಿ ಮುಗಿದಿರುತ್ತದೆ. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1973ರಲ್ಲೇ ಒಂದು ಮಾತು ಹೇಳಿದ್ದ. ಹೊಸ ಕೆಲಸದ ಸುದ್ದಿ ನಮಗೆ ಸಿಗುವುದು ಆಪ್ತರಿಂದಲ್ಲ, ಅಲ್ಪಸ್ವಲ್ಪ ಪರಿಚಯದವರಿಂದ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದಲ್ಲ! 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಜನರ ಲೆಕ್ಕ ತೆಗೆದು ಬಹುಮಟ್ಟಿಗೆ ಅದೇ ಮಾತು ಹೇಳಿತು.

ಕೋಣಂದೂರಿನಂಥ ಊರಿನಿಂದ ಹೋದವನಿಗೆ ಇದರ ಅರ್ಥ ಚೆನ್ನಾಗಿ ಆಗುತ್ತದೆ. ಅವನ ಅಪ್ಪನಿಗೆ ಗೊತ್ತಿರುವುದು ಅಡಿಕೆ ಮಂಡಿಯವರು, ಸೊಸೈಟಿಯವರು, ಹೆಚ್ಚೆಂದರೆ ತೀರ್ಥಹಳ್ಳಿಯ ಒಬ್ಬ ವಕೀಲರು. ವೈಟ್‌ಫೀಲ್ಡಿನ ಕಂಪನಿಯಲ್ಲಿ ಅವನಿಗೆ ಯಾರೂ ಇಲ್ಲ. ಹಾಗಾಗಿ ಗುರುತಿಲ್ಲದವರಿಗೆ ನೇರವಾಗಿ ಬರೆದು ಪರಿಚಯ ಮಾಡಿಕೊಳ್ಳುವುದು ಅವನಿಗೆ ಶೋಕಿಯಲ್ಲ, ಹೊಟ್ಟೆಪಾಡು.

ಅವನು ಬರೆಯುವುದಾದರೂ ಏನು? ‘ಹಾಯ್’. ಉತ್ತರ ಬರಲಿಲ್ಲವೆಂದರೆ ‘ಹಾಯ್ ಸರ್’. ಆಮೇಲೆ ‘ಜಾಬ್ ಇದ್ಯಾ ಸರ್’. ಕೊನೆಗೆ ಎರಡು ಪ್ರಶ್ನಾರ್ಥಕ ಚಿಹ್ನೆ. ಬಾಗಿಲು ತಟ್ಟಿ, ಹೆಸರೂ ಹೇಳದೆ, ಜಗಲಿಯಲ್ಲಿ ಸುಮ್ಮನೆ ನಿಂತವನನ್ನು ಯಾರು ಒಳಗೆ ಕರೆಯುತ್ತಾರೆ? ಇನ್‌ಸ್ಟಾಗ್ರಾಮಿನಲ್ಲಿ 2023ರಲ್ಲಿ ಬಂದ ನಿಯಮ ನೋಡಿ. ನಿಮ್ಮನ್ನು ಹಿಂಬಾಲಿಸದವರಿಗೆ ನೀವು ಕಳಿಸಬಹುದಾದದ್ದು ಒಂದೇ ಸಂದೇಶ, ಅದೂ ಬರಿಯ ಅಕ್ಷರದಲ್ಲಿ. ಅವರು ಒಪ್ಪಿಕೊಂಡ ಮೇಲಷ್ಟೇ ಎರಡನೆಯದು. ಆ ಒಂದೇ ಅವಕಾಶವನ್ನು ‘ಹಾಯ್’ ಎಂಬ ಎರಡಕ್ಷರಕ್ಕೆ ಸುಟ್ಟುಹಾಕಬೇಕೆ?

ನಮ್ಮ ಹಿರಿಯರಿಗೆ ಈ ವಿದ್ಯೆ ಗೊತ್ತಿತ್ತು. ನಾಲ್ಕನೇ ಕ್ಲಾಸು ಓದಿದ ಅಜ್ಜನ ಕಾಗದದಲ್ಲೂ ಒಂದು ಒಕ್ಕಣೆ ಇರುತ್ತಿತ್ತು. ಯಾರಿಗೆ, ಯಾವ ಊರಿನಿಂದ, ಬರೆಯುವವನು ಯಾರು ಎಂಬುದು ಮೊದಲು. ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಒಂದು ಸಾಲಿನಲ್ಲಿ ಕ್ಷೇಮ ಸಮಾಚಾರ. ನಂತರ ಬಂದ ಕಾರಣ. ಕೊನೆಗೆ ಆಗಬೇಕಾದ ಕೆಲಸ. ಒಂದು ಇನ್‌ಲ್ಯಾಂಡ್ ಕಾಗದದಲ್ಲಿ ಇಷ್ಟೂ ಹಿಡಿಸುತ್ತಿತ್ತು! ಇಂದಿನ ಸಂದೇಶಕ್ಕೂ ಬೇಕಾದದ್ದು ಇದೇ ನಾಲ್ಕು. ನೀವು ಯಾರು, ಅವರನ್ನೇ ಏಕೆ ಹುಡುಕಿ ಬಂದಿರಿ, ನಿಮಗೆ ಬೇಕಾದ ಒಂದು ಸಂಗತಿ ಏನು, ಅವರ ಬಿಡುವಿಗೆ ನಿಮ್ಮ ಮರ್ಯಾದೆ ಏನು. ಹೀಗೆ ಬರೆದು ನೋಡಿ:

“ನಮಸ್ಕಾರ ಸರ್. ನಾನು ತೀರ್ಥಹಳ್ಳಿ ತಾಲ್ಲೂಕು ಕೋಣಂದೂರಿನವನು. ಡಿಪ್ಲೊಮಾ ಮುಗಿಸಿ ಪೀಣ್ಯದಲ್ಲಿ ಆರು ತಿಂಗಳಿಂದ ಕೆಲಸ ಮಾಡುತ್ತಿದ್ದೇನೆ. ಸಿಎನ್‌ಸಿ ಯಂತ್ರದ ಬಗ್ಗೆ ನೀವು ಹಾಕಿದ ವಿಡಿಯೊ ನೋಡಿದೆ, ಟೂಲ್ ಸವೆಯುವ ಕಾರಣ ಈಗ ತಿಳಿಯಿತು. ಒಂದೇ ಪ್ರಶ್ನೆ. ನನ್ನಂಥವನು ಈಗಲೇ ಪ್ರೋಗ್ರಾಮಿಂಗ್ ಕಲಿಯಬೇಕೆ, ಇನ್ನೊಂದು ವರ್ಷ ಆಪರೇಟರ್ ಆಗಿಯೇ ಇರಬೇಕೆ? ಬಿಡುವಾದಾಗ ಎರಡು ಸಾಲು ತಿಳಿಸಿದರೆ ಉಪಕಾರವಾಗುತ್ತದೆ.”

ಇದರಲ್ಲಿ ಕೆಲಸ ಕೊಡಿ ಎಂಬ ಮಾತೇ ಇಲ್ಲ. ಒಂದೇ ಪ್ರಶ್ನೆ, ಎರಡು ನಿಮಿಷದಲ್ಲಿ ಉತ್ತರಿಸಬಹುದಾದದ್ದು. ಉತ್ತರ ಬಂದರೆ ಪರಿಚಯವಾಯಿತು. ಹೇಳಿದಂತೆ ಮಾಡಿ, ತಿಂಗಳ ಮೇಲೆ ‘ನೀವು ಹೇಳಿದಂತೆ ಮಾಡಿದೆ, ಹೀಗಾಯಿತು’ ಎಂದು ಬರೆದರೆ ಆ ಪರಿಚಯ ಗಟ್ಟಿಯಾಯಿತು. ಕೆಲಸದ ಮಾತು ಆಮೇಲೆ ತಾನಾಗಿ ಬರುತ್ತದೆ. ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಒಮ್ಮೆ ನೆನಪಿಸಿ. ಮತ್ತೆ ಕಾಡಬೇಡಿ.

ಅಚ್ಚಿನ ಕೆಲಸದವನಾಗಿ ಎರಡು ಮಾತು. ಮದುವೆ ಕರೆಯೋಲೆಯಲ್ಲಿ ಬೀಗರ ಹೆಸರು ತಪ್ಪಿದರೆ ಊಟದ ತನಕ ಮುನಿಸು ಇಳಿಯುವುದಿಲ್ಲ. ಅದಕ್ಕೇ ಪ್ರೂಫ್ ನೋಡುವುದು. ಸಂದೇಶವನ್ನೂ ಕಳಿಸುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿ. ಹೆಸರು ಸರಿಯಿದೆಯೆ, ಕಂಪನಿ ಸರಿಯಿದೆಯೆ? ಇನ್ನೊಂದು, ಸಾವಿರ ಕರೆಯೋಲೆ ಅಚ್ಚು ಹಾಕಿಸಿ ‘ಇದನ್ನೇ ಖುದ್ದು ಆಹ್ವಾನವೆಂದು ಭಾವಿಸಿ’ ಎಂದು ಕೆಳಗೆ ಸೇರಿಸಿದರೂ ಮಲೆನಾಡಿನಲ್ಲಿ ಮನೆಗೆ ಹೋಗಿ ಕುಂಕುಮ ಕೊಟ್ಟು ಕರೆದರೇನೇ ಅದು ಕರೆ. ನೂರು ಜನಕ್ಕೆ ಅದೇ ಸಂದೇಶ ಅಂಟಿಸಿ ಕಳಿಸುವವನು ಕರಪತ್ರ ಹಂಚುತ್ತಿದ್ದಾನೆ. ಕರಪತ್ರಕ್ಕೆ ಯಾರೂ ಉತ್ತರ ಬರೆಯುವುದಿಲ್ಲ.

ಇನ್ನು ಭಾಷೆಯ ಮಾತು. ‘ಇಂಗ್ಲಿಷ್ ಬರದಿದ್ದರೆ ಯಾರು ಉತ್ತರ ಕೊಡ್ತಾರೆ?’ ಎಂದು ಹೆದರಿ ನಮ್ಮ ಹುಡುಗರು ಯಂತ್ರದ ಕೈಯಲ್ಲಿ ಇಂಗ್ಲಿಷ್ ಬರೆಸುತ್ತಿದ್ದಾರೆ. ಓದುವವನಿಗೆ ಇದು ಬಾಡಿಗೆ ಕೋಟೆಂದು ಮೊದಲ ಸಾಲಿಗೇ ತಿಳಿಯುತ್ತದೆ. ಇದೇ ತೀರ್ಥಹಳ್ಳಿ ಸೀಮೆಯ ಕುಪ್ಪಳಿಯಿಂದ ಮೈಸೂರಿಗೆ ಓದಲು ಹೋದ ಹುಡುಗನೊಬ್ಬ 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವಿತೆಗಳ ಪುಸ್ತಕ ತಂದಿದ್ದ. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್‌ಗೆ ತನ್ನ ಇಂಗ್ಲಿಷ್ ಕವಿತೆಗಳನ್ನು ತೋರಿಸಿದ. ಅವರು ನಿನ್ನ ತಾಯ್ನುಡಿಯಲ್ಲಿ ಬರೆ ಎಂದರು. ಆ ಹುಡುಗನೇ ಕುವೆಂಪು! ಗುರುತಿಲ್ಲದ ದೊಡ್ಡವರ ಮುಂದೆ ಹೋಗಿ ನಿಲ್ಲುವ ಧೈರ್ಯವೂ ಅವರದ್ದೇ, ಸಿಕ್ಕ ಬುದ್ಧಿಮಾತನ್ನು ತಲೆಗೆ ಹಾಕಿಕೊಳ್ಳುವ ವಿನಯವೂ ಅವರದ್ದೇ.

ಕನ್ನಡಿಗರಿಗೆ ಕನ್ನಡದಲ್ಲೇ ಬರೆಯಿರಿ, ಕನ್ನಡ ಲಿಪಿಯಲ್ಲೇ ಬರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ಅಡಿಕೆ ಬೆಳೆಯೂ ಒಂದೇ, ಅಡಿಕೆ ಬೆಲೆಯೂ ಒಂದೇ. ಹಳ್ಳಿಗೂ ಹಲ್ಲಿಗೂ ವ್ಯತ್ಯಾಸವಿಲ್ಲ! ಇಂದು ಯಾವ ಮೊಬೈಲಿನಲ್ಲೂ ಕನ್ನಡ ಕೀಲಿಮಣೆಗೆ ದುಡ್ಡು ಕೊಡಬೇಕಿಲ್ಲ. ಮಾತಾಡಿದರೂ ಅದು ಬರೆದುಕೊಳ್ಳುತ್ತದೆ. ಅಕ್ಷರದ ಮಿತಿ ಇರುವ ಕಡೆ ಮಾತ್ರ ಎಚ್ಚರವಿರಲಿ. ನಮಗೆ ಒಂದೇ ಅಕ್ಷರವಾದ ‘ಸ್ತ್ರೀ’ ಯುನಿಕೋಡಿನಲ್ಲಿ ಆರು ಸಂಕೇತ. ಹಾಗಾಗಿ ಪ್ರಾರಂಭಿಸು ಎನ್ನುವ ಬದಲು ತೊಡಗು ಎನ್ನಿ. ಜಾಗವೂ ಉಳಿಯಿತು, ಕನ್ನಡವೂ ಉಳಿಯಿತು. ಕನ್ನಡ ಬಾರದವರಿಗೆ ನಿಮಗೆ ಬರುವಷ್ಟೇ ಇಂಗ್ಲಿಷಿನಲ್ಲಿ, ಸಣ್ಣ ಸಣ್ಣ ವಾಕ್ಯದಲ್ಲಿ ಬರೆಯಿರಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಹೋರಾಟದ ಗೆಳೆಯರಿಗೂ ಒಂದು ಕಿವಿಮಾತು. 2017ರಲ್ಲಿ ‘ನಮ್ಮ ಮೆಟ್ರೊ ಹಿಂದಿ ಬೇಡ’ ಎಂದು ಜಾಲತಾಣದಲ್ಲಿ ಎದ್ದ ದನಿ ಮುಖ್ಯಮಂತ್ರಿಯವರೇ ಕೇಂದ್ರಕ್ಕೆ ಪತ್ರ ಬರೆಯುವಂತೆ ಮಾಡಿತು, ಫಲಕಗಳಿಂದ ಹಿಂದಿ ಇಳಿಯಿತು. ಬೇಡಿಕೆ ಏನೆಂಬುದು ಆ ನಾಲ್ಕು ಪದದಲ್ಲೇ ಸ್ಪಷ್ಟವಾಗಿತ್ತು. ಬ್ಯಾಂಕಿಗೋ ಕಂಪನಿಗೋ ಬರೆಯುವಾಗ ಯಾವ ಶಾಖೆ, ಯಾವ ದಿನ, ಯಾವ ಅರ್ಜಿ ಕನ್ನಡದಲ್ಲಿರಲಿಲ್ಲ ಎಂದು ಬರೆಯಿರಿ. ಯಾರೋ ಒಬ್ಬ ನೌಕರನ ಇನ್‌ಬಾಕ್ಸಿಗೆ ನುಗ್ಗಿ ಅವನ ತಾಯಿಯನ್ನು ಬೈದರೆ ಕನ್ನಡಕ್ಕೆ ಏನು ಸಿಕ್ಕಿತು? ಅವನ ಕೈಗೆ ನಮ್ಮ ವಿರುದ್ಧ ಒಂದು ಸಾಕ್ಷಿ ಸಿಕ್ಕಿತು, ಅಷ್ಟೆ.

ಹೆಣ್ಣುಮಕ್ಕಳ ಇನ್‌ಬಾಕ್ಸ್ ನೆಂಟಸ್ತಿಕೆ ಬೆಳೆಸುವ ಸಂತೆಯಲ್ಲ. ಆಕೆ ಬೇಡವೆಂದು ತಿಳಿಸಿದ ಮೇಲೂ ಮತ್ತೆ ಮತ್ತೆ ಸಂಪರ್ಕಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ, ಮೊದಲ ಸಲಕ್ಕೇ ಮೂರು ವರ್ಷದವರೆಗೆ ಸಜೆ ಆಗಬಹುದು. ಕಾನೂನಿಗೆ ಹೆದರಿ ಅಲ್ಲ, ಮನೆಯಲ್ಲಿ ಕಲಿತ ಮರ್ಯಾದೆಗಾಗಿ ಕೈ ತಡೆಯಿರಿ.

ಕೊನೆಯ ಮಾತು ಕುರ್ಚಿಯಲ್ಲಿ ಕೂತ ಕನ್ನಡಿಗರಿಗೆ. ಹೊರಗಿನಿಂದ ಬಂದವರು ತಮ್ಮ ಊರಿನ ಹುಡುಗರನ್ನು ಕೈಹಿಡಿದು ಕರೆತರುತ್ತಾರೆ ಎಂದು ನಾವು ದೂರುತ್ತೇವೆ. ನೀವು ನಿಮ್ಮ ಇನ್‌ಬಾಕ್ಸಿನಲ್ಲಿ ಬಿದ್ದಿರುವ ಸಾಗರದ, ಹೊಸನಗರದ, ಸಿಂಧನೂರಿನ, ಚಾಮರಾಜನಗರದ ಹುಡುಗರಿಗೆ ಎಷ್ಟು ಸಾಲು ಬರೆದಿದ್ದೀರಿ? ಕೆಲಸ ಕೊಡಿಸಲಾಗದಿದ್ದರೆ ಬೇಡ. ‘ಇಲ್ಲಿ ಖಾಲಿಯಿಲ್ಲ ತಮ್ಮಾ, ಅಲ್ಲಿ ಕೇಳಿ ನೋಡು’ ಎನ್ನಲು ಎಷ್ಟು ಹೊತ್ತು ಬೇಕು? ಹುಡುಗರು ಬರೆಯುವುದನ್ನು ಕಲಿಯಲಿ. ನೀವು ಉತ್ತರಿಸುವುದನ್ನು ಕಲಿಯಿರಿ. ಇಂದು ರಾತ್ರಿಯೇ ಆ ರಿಕ್ವೆಸ್ಟ್ ಪಟ್ಟಿ ತೆರೆದು ಒಬ್ಬರಿಗಾದರೂ ಕನ್ನಡದಲ್ಲಿ ಎರಡು ಸಾಲು ಬರೆಯಿರಿ!