ಸೀರೆಗೆ ಇಲ್ಲದ ಗಡಿ ನರ್ಸಿಗೆ ಏಕೆ?

ಇಳಕಲ್‌ನಿಂದ ಸೀರೆಯ ಗಂಟು ಸೊಲ್ಲಾಪುರಕ್ಕೆ ಹೋಗಲು ಬಿಲ್ ಮತ್ತು ಇ-ವೇ ಬಿಲ್ ಇದ್ದರೆ ಸಾಕು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಗಡಿಯಲ್ಲಿ ತೆರಿಗೆಗಾಗಿ ಲಾರಿ ನಿಲ್ಲಿಸುವುದು ತಪ್ಪಿತು. ಬಾಗಲಕೋಟೆ ಆರ್‌ಟಿಒ ಕೊಟ್ಟ ಲೈಸೆನ್ಸ್ ಇಟ್ಟುಕೊಂಡು ಆ ಲಾರಿಯ ಡ್ರೈವರ್ ಇಡೀ ದೇಶ ಸುತ್ತಬಹುದು. ಅದೇ ರಸ್ತೆಯಲ್ಲಿ ಹೋದ ನಮ್ಮ ಆಪಾಗೆ ಮಾತ್ರ ಹಾಗಾಗಲಿಲ್ಲ.

ಆಪಾ ನಮ್ಮ ಖಾಲಾನ ಮಗಳು, ಹುನಗುಂದದವರು. ಬಾಗಲಕೋಟೆಯಲ್ಲಿ ಮೂರು ವರ್ಷದ ಜಿಎನ್‌ಎಂ ಓದಿ ಎರಡು ವರ್ಷ ವಾರ್ಡಿನಲ್ಲಿ ದುಡಿದರು. ನಿಕಾಹ್ ಆಗಿ ಸೊಲ್ಲಾಪುರಕ್ಕೆ ಹೋದರು. ಅಲ್ಲಿನ ಆಸ್ಪತ್ರೆಯವರು ಕೇಳಿದ ಮೊದಲ ಪ್ರಶ್ನೆ: "ಮಹಾರಾಷ್ಟ್ರದ ರಿಜಿಸ್ಟ್ರೇಶನ್ ಇದೆಯೇ?" ಇರಲಿಲ್ಲ. ಮದುವೆಗೆಂದು ಬಟ್ಟೆ, ಪಾತ್ರೆ, ಊಟ ಎಲ್ಲದರ ಪಟ್ಟಿ ಮಾಡಿದ್ದೆವು. ಎನ್‌ಒಸಿ ಆ ಪಟ್ಟಿಯಲ್ಲಿ ಇರಲಿಲ್ಲ. ಕೆಲಸ ಬಲ್ಲ ಆಪಾ ತಿಂಗಳುಗಟ್ಟಲೆ ಸಂಬಳವಿಲ್ಲದೆ ಮನೆಯಲ್ಲಿ ಕುಳಿತರು. ಇದರಲ್ಲಿ ಯಾರದೂ ತಪ್ಪಿಲ್ಲ, ನಿಯಮವೇ ಹಾಗಿದೆ.

ನಮ್ಮ ದೇಶದಲ್ಲಿ ನರ್ಸ್‌ಗಳ ನೋಂದಣಿ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಆಗುತ್ತದೆ. 1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಪ್ರಕಾರ ಮಾನ್ಯತೆ ಪಡೆದ ಓದು ಎಲ್ಲ ರಾಜ್ಯಕ್ಕೂ ನಡೆಯುತ್ತದೆ. ಆದರೆ ಹೆಸರು ಮಾತ್ರ ಹೋದ ರಾಜ್ಯದಲ್ಲಿ ಮತ್ತೆ ಬರೆಸಬೇಕು. ಅದಕ್ಕೆ ಬೆಂಗಳೂರಿನ ಕೌನ್ಸಿಲ್‌ನಿಂದ ಎನ್‌ಒಸಿ ಪಡೆದು ಮುಂಬೈನ ಕೌನ್ಸಿಲ್‌ಗೆ ಅರ್ಜಿ ಹಾಕಬೇಕು.

ಅಮೆರಿಕದಲ್ಲೂ ಹಿಂದೆ ಹೀಗೇ ಇತ್ತು. 2000ದಲ್ಲಿ ಕೆಲವು ರಾಜ್ಯಗಳು ಒಪ್ಪಂದ ಮಾಡಿಕೊಂಡವು. ಈಗ 40ಕ್ಕೂ ಹೆಚ್ಚು ರಾಜ್ಯಗಳು ಅದರಲ್ಲಿವೆ. ತಾನು ವಾಸಿಸುವ ರಾಜ್ಯದಲ್ಲಿ ಈ ಒಪ್ಪಂದದ ಲೈಸೆನ್ಸ್ ಪಡೆದ ನರ್ಸ್ ಉಳಿದ ರಾಜ್ಯಗಳಲ್ಲೂ ಕೆಲಸ ಮಾಡಬಹುದು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಇನ್ನೂ ಸೇರಿಲ್ಲ, ಅಲ್ಲಿಗೆ ಬೇರೆ ಲೈಸೆನ್ಸ್ ಬೇಕು. ಅಲ್ಲಿ ಮೂರು ತಿಂಗಳ ಗುತ್ತಿಗೆಯ ಮೇಲೆ ಊರೂರು ತಿರುಗುವ ನರ್ಸ್‌ಗಳಿಗೆ ಇದರಿಂದ ಅನುಕೂಲವಾಗಿದೆ. ನಮ್ಮಲ್ಲಿ ನರ್ಸ್‌ಗಳನ್ನು ಊರು ಬಿಡಿಸುವುದು ಗುತ್ತಿಗೆಯಷ್ಟೇ ಅಲ್ಲ, ಮದುವೆಯೂ ಹೌದು.

"ಸುಳ್ಳು ಸರ್ಟಿಫಿಕೇಟ್ ತಂದರೆ? ತಪ್ಪು ಮಾಡಿ ಇನ್ನೊಂದು ರಾಜ್ಯಕ್ಕೆ ಓಡಿದರೆ?" ಎಂದು ಅಬ್ಬಾ ಕೇಳಿದರು. ಸರಿಯಾದ ಪ್ರಶ್ನೆಯೇ. ಆ ಒಪ್ಪಂದದಲ್ಲಿ ಅದಕ್ಕೂ ದಾರಿ ಇದೆ. ರೋಗಿ ಇರುವ ರಾಜ್ಯದ ಕಾನೂನೇ ನರ್ಸಿಗೆ ಅನ್ವಯಿಸುತ್ತದೆ. ಲೈಸೆನ್ಸ್ ವಿವರ, ಅದರ ಮೇಲಿನ ಶಿಸ್ತುಕ್ರಮ ಎಲ್ಲವನ್ನೂ ಎಲ್ಲ ರಾಜ್ಯಗಳೂ ಒಂದೇ ಕಂಪ್ಯೂಟರ್ ದಾಖಲೆಯಲ್ಲಿ ನೋಡುತ್ತವೆ. ಅಂದರೆ ಪರಿಶೀಲನೆ ತಪ್ಪುವುದಿಲ್ಲ, ಅಲೆದಾಟ ತಪ್ಪುತ್ತದೆ.

ನಮ್ಮ ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಮಾಡಿದೆ. ಅದರಲ್ಲಿ ರಾಷ್ಟ್ರೀಯ ರಿಜಿಸ್ಟರ್‌ನ ಮಾತಿದೆ. ಆ ರಿಜಿಸ್ಟರ್‌ನಲ್ಲಿ ಹೆಸರಿದ್ದರೆ ಯಾವ ರಾಜ್ಯದಲ್ಲಾದರೂ ಕೆಲಸಕ್ಕೆ ಸೇರುವಂತಾಗಬೇಕು ಎಂಬುದೇ ನನ್ನ ಅಭಿಪ್ರಾಯ.

ಅಲ್ಲಿಯವರೆಗೆ ಬಾದಾಮಿ, ಹುನಗುಂದ, ಇಳಕಲ್‌ನಿಂದ ಬರುವ ಗೆಳತಿಯರಿಗೆ ಒಂದು ಮಾತು. ಕಾಮರ್ಸ್, ಆರ್ಟ್ಸ್ ಓದಿದವರಿಗೂ ಜಿಎನ್‌ಎಂ ಬಾಗಿಲು ತೆರೆದಿದೆ. ಆ ದಾರಿ ಹಿಡಿದರೆ, ಸಂಬಂಧ ಬೇರೆ ರಾಜ್ಯದಲ್ಲಿ ಗೊತ್ತಾದ ದಿನವೇ ಎನ್‌ಒಸಿಗೆ ಅರ್ಜಿ ಹಾಕಿ. ಮದುವೆಯ ಪಟ್ಟಿಯಲ್ಲಿ ಮೊದಲು ಅದನ್ನೇ ಬರೆಯಿರಿ. ಬಂಗಾರ ಆಮೇಲೆ.