ದೂರದ ಬೆಟ್ಟ, ಹತ್ತಿರದ ಕೆರೆ

ಮೂರು ದಿನ ಒಟ್ಟಿಗೆ ರಜೆ ಬಂದರೆ ಸಾಕು, ನಗರಗಳ ಮನೆಗಳಲ್ಲಿ ಒಂದೇ ಪ್ರಶ್ನೆ: ‘ಎಲ್ಲಿಗೆ ಹೋಗೋಣ?’ ಜೋಗವೇ, ಮಡಿಕೇರಿಯೇ, ಮುಳ್ಳಯ್ಯನಗಿರಿಯೇ ಎಂಬ ಚರ್ಚೆ ನಡೆದು, ನಸುಕಿನ ಮೂರು ಗಂಟೆಗೆ ಕಾರು ಹೊರಡುತ್ತದೆ. ಆರೇಳು ಗಂಟೆ ಕುಳಿತೇ ಪ್ರಯಾಣ. ಘಾಟಿಯ ತಿರುವುಗಳಲ್ಲಿ ಮಕ್ಕಳಿಗೆ ವಾಂತಿ. ದಾರಿಯುದ್ದಕ್ಕೂ ಬೋಂಡ, ಬಜ್ಜಿ, ಚಿಪ್ಸು. ಕೊನೆಗೂ ತಲುಪಿದರೆ ಅಲ್ಲಿ ವಾಹನ ನಿಲ್ಲಿಸಲು ಜಾಗವಿಲ್ಲ. ಅರ್ಧ ಗಂಟೆ ನೋಡಿ, ಫೋಟೊ ತೆಗೆದು, ಬಂದಷ್ಟೇ ದೂರ ಹಿಂತಿರುಗಿ ಮನೆ ಸೇರುವಾಗ ಮಧ್ಯರಾತ್ರಿ. ಮರುದಿನ ಎಲ್ಲರಿಗೂ ಮೈಕೈ ನೋವು, ಒಬ್ಬಿಬ್ಬರ ಹೊಟ್ಟೆ ಕೆಟ್ಟಿರುತ್ತದೆ.

ಇಂತಹ ಪ್ರವಾಸದಿಂದ ಸಂತೋಷ ಸಿಗುವುದಿಲ್ಲವೆಂದಲ್ಲ. ಆದರೆ ‘ನಿಸರ್ಗದ ಮಡಿಲಲ್ಲಿ ಒಂದು ದಿನ ಕಳೆದು ಬಂದೆವು, ಆರೋಗ್ಯಕ್ಕೆ ಒಳ್ಳೆಯದಾಯಿತು’ ಎನ್ನುವ ಮುನ್ನ ಸ್ವಲ್ಪ ಲೆಕ್ಕ ಹಾಕಿ ನೋಡಿ. ಆ ದಿನ ನೀವು ನಡೆದದ್ದೆಷ್ಟು, ಕುಳಿತದ್ದೆಷ್ಟು? ಮರಗಳ ನಡುವೆ ಇದ್ದದ್ದೆಷ್ಟು, ವಾಹನಗಳ ನಡುವೆ ಇದ್ದದ್ದೆಷ್ಟು? ನಿದ್ದೆಗೆಟ್ಟು ರಾತ್ರಿ ಕಾರು ಓಡಿಸಿದವರ ಕಣ್ಣು ಎಷ್ಟು ಬಾರಿ ಮುಚ್ಚಿತು?

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ನಮ್ಮಲ್ಲಿದೆ. ವರ್ಷಕ್ಕೊಮ್ಮೆ ದೂರದ ಬೆಟ್ಟಕ್ಕೆ ಓಡುವುದಕ್ಕಿಂತ ವಾರಕ್ಕೊಮ್ಮೆ ಹತ್ತಿರದ ಕೆರೆಯ ದಂಡೆಯಲ್ಲಿ, ಊರಂಚಿನ ಕುರುಚಲು ಕಾಡಿನಲ್ಲಿ ಮನೆಮಂದಿಯೆಲ್ಲ ನಡೆದಾಡುವುದು ದೇಹಕ್ಕೂ ಮನಸ್ಸಿಗೂ ಹೆಚ್ಚು ಹಿತ ಎಂಬುದು ನನ್ನ ಅಭಿಪ್ರಾಯ.

ಹಸಿರು ಏನು ಮಾಡುತ್ತದೆ?

ಅಮೆರಿಕದ ರೋಜರ್ ಉಲ್ರಿಚ್ ಎಂಬ ಸಂಶೋಧಕರು 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈಗಲೂ ಉಲ್ಲೇಖಗೊಳ್ಳುತ್ತದೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ, ಕಿಟಕಿಯಿಂದ ಮರಗಳು ಕಾಣುತ್ತಿದ್ದ ಕೋಣೆಯ ರೋಗಿಗಳು ಇಟ್ಟಿಗೆಯ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು. ಪ್ರಬಲವಾದ ನೋವುನಿವಾರಕಗಳೂ ಅವರಿಗೆ ಕಡಿಮೆ ಬೇಕಾದವು. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿಯನ್ನು ಪರಿಶೀಲಿಸಿದಾಗ, ವಾರಕ್ಕೆ ಕನಿಷ್ಠ 120 ನಿಮಿಷ ಹಸಿರಿನ ನಡುವೆ ಕಳೆಯುವವರು ತಮ್ಮ ಆರೋಗ್ಯ ಚೆನ್ನಾಗಿದೆ, ಮನಸ್ಸು ನೆಮ್ಮದಿಯಾಗಿದೆ ಎಂದು ಹೇಳುವುದು ಹೆಚ್ಚಾಗಿ ಕಂಡಿತು. ಎರಡು ಗಂಟೆಯನ್ನು ಒಮ್ಮೆಗೇ ಕಳೆದರೂ ಸರಿ, ಬಿಡಿಬಿಡಿಯಾಗಿ ಕಳೆದರೂ ಸರಿ. ಆರೋಗ್ಯವಂತರೇ ಹೆಚ್ಚಾಗಿ ಹೊರಗೆ ಹೋಗುತ್ತಾರೆ ಎಂಬ ಸಾಧ್ಯತೆಯನ್ನೂ ಇಲ್ಲಿ ಮರೆಯಬಾರದು. ಆದರೂ ಲೆಕ್ಕ ವಾರಕ್ಕೆ, ವರ್ಷಕ್ಕಲ್ಲ ಎಂಬುದನ್ನು ಗಮನಿಸಿ.

ನಡಿಗೆಯ ಲಾಭ ನಿಮಗೆಲ್ಲ ಗೊತ್ತಿರುವುದೇ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು ಇವೆಲ್ಲಕ್ಕೂ ಅದು ಹಿತ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗುವಷ್ಟು ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳಿಗೆ ಇನ್ನೊಂದು ಲಾಭವಿದೆ: ಹಗಲ ಬೆಳಕಿನಲ್ಲಿ ಹೊರಗೆ ಹೆಚ್ಚು ಹೊತ್ತು ಆಡುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಾಣಿಸಿಕೊಳ್ಳುವುದು ಕಡಿಮೆ. ದಿನವಿಡೀ ಮೊಬೈಲು, ಪುಸ್ತಕ ಹಿಡಿದ ಕಣ್ಣಿಗೆ ಕೆರೆಯಾಚೆಯ ಕೊಕ್ಕರೆಯನ್ನು ನೋಡುವುದೇ ವಿಶ್ರಾಂತಿ.

ದೂರದ ಪ್ರವಾಸವೆಂದರೆ ಅನೇಕ ಮನೆಗಳಲ್ಲಿ ಅಜ್ಜಿ–ತಾತ ಮನೆ ಕಾಯಲು ಉಳಿಯುತ್ತಾರೆ. ಮಂಡಿ ನೋವಿನವರು ಘಾಟಿ ಹತ್ತಲಾರರು. ಆದರೆ ಕೆರೆಯ ಏರಿಯ ಮೇಲೆ ಮೊಮ್ಮಗಳ ಕೈಹಿಡಿದು ನಿಧಾನವಾಗಿ ನಡೆದು, ಸುಸ್ತಾದಲ್ಲಿ ಕುಳಿತುಕೊಳ್ಳಬಲ್ಲರು.

ಹೋಗುವುದಾದರೂ ಎಲ್ಲಿಗೆ?

ಕರ್ನಾಟಕ ಕೆರೆಗಳ ನಾಡು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕುಕ್ಕರಹಳ್ಳಿ ಕೆರೆಯಿದೆ. ಧಾರವಾಡದವರಿಗೆ ಕೆಲಗೇರಿ, ಸಾಧನಕೇರಿ, ದಾವಣಗೆರೆಯವರಿಗೆ ಕುಂದವಾಡ ಕೆರೆ, ಚಿತ್ರದುರ್ಗದವರಿಗೆ ಚಂದ್ರವಳ್ಳಿ, ತುಮಕೂರಿನವರಿಗೆ ದೇವರಾಯನದುರ್ಗದ ಕಾಡು. ಪಟ್ಟಿಯಲ್ಲಿ ನಿಮ್ಮ ಊರಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ, ಒಂದು ಕೆರೆಯ ಹೆಸರನ್ನಾದರೂ ಹೇಳಿಯಾರು.

‘ಡಾಕ್ಟರೇ, ನಮ್ಮ ಕೆರೆಯ ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳಬೇಕು’ ಎಂದು ನೀವು ಹೇಳಬಹುದು. ನಿಜ. ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆಯುಗುಳಿದ್ದನ್ನೂ, ಹೊತ್ತಿ ಉರಿದದ್ದನ್ನೂ ಕಂಡಿದ್ದೇವೆ. ಆದರೆ ಅದೇ ನಗರದಲ್ಲಿ, ಕೊಳಚೆ ಸೇರಿ ಹಾಳಾಗಿದ್ದ ಕೈಕೊಂಡ್ರಹಳ್ಳಿ ಕೆರೆಯನ್ನು ಸುತ್ತಲಿನ ನಿವಾಸಿಗಳು ಮಹಾನಗರ ಪಾಲಿಕೆಯ ಜೊತೆಗೂಡಿ ಮತ್ತೆ ಜೀವಂತಗೊಳಿಸಿದರು. ಕೆರೆಗೆ ಯಾವ ಮೋರಿಯ ನೀರು ಸೇರುತ್ತಿದೆ, ಯಾರು ಕಸ ಸುರಿಯುತ್ತಿದ್ದಾರೆ ಎಂಬುದು ಮೊದಲು ಗೊತ್ತಾಗುವುದು ಅಲ್ಲಿ ದಿನಾ ನಡೆಯುವವರಿಗೆ. ನಾವು ಬೆನ್ನು ತಿರುಗಿಸಿದ ಕೆರೆಯೇ ಬೇಗ ಸಾಯುವುದು.

ನೀರು ನೋಡುವುದಕ್ಕೆ, ಇಳಿಯುವುದಕ್ಕಲ್ಲ

ಹತ್ತಿರದ ಕೆರೆಯಾದರೇನು, ದೂರದ ಹೊಳೆಯಾದರೇನು, ಒಂದು ಮಾತನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಮಕ್ಕಳು, ಯುವಕರ ಪಾಲು ದೊಡ್ಡದು. ನಮ್ಮಲ್ಲಿಯೂ ಕಾವೇರಿಯ ಸಂಗಮ, ಮುತ್ತತ್ತಿಗಳಂತಹ ಸುಂದರ ತಾಣಗಳಿಂದ ಇಂತಹ ಸುದ್ದಿ ಮತ್ತೆ ಮತ್ತೆ ಬರುತ್ತದೆ.

ಮೇಲೆ ಕನ್ನಡಿಯಂತೆ ನಿಂತ ಕೆರೆಯ ತಳದಲ್ಲಿ ಹೂಳಿರುತ್ತದೆ, ಮಣ್ಣು ತೆಗೆದ ಗುಂಡಿಗಳಿರುತ್ತವೆ. ಮೊಣಕಾಲುದ್ದ ನೀರಿನಿಂದ ಒಂದು ಹೆಜ್ಜೆ ಮುಂದಿಟ್ಟರೆ ಆಳು ಮುಳುಗುವ ಆಳ. ಹೊಳೆಯಲ್ಲಾದರೆ ಸುಳಿ, ಪಾಚಿಗಟ್ಟಿದ ಬಂಡೆ. ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೂಗಿ ಕರೆಯುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿರುವಾಗ ಕೂಗಲು ಉಸಿರೆಲ್ಲಿ? ದಂಡೆಯಲ್ಲಿ ಊಟದ ಬುತ್ತಿ ಬಿಚ್ಚುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಆದ್ದರಿಂದ ನೀರಿನ ಬಳಿ ಮಕ್ಕಳು ದೊಡ್ಡವರ ಕೈಗೆಟುಕುವಷ್ಟು ಹತ್ತಿರ ಇರಬೇಕು. ‘ಎಲ್ಲರೂ ನೋಡಿಕೊಳ್ಳುತ್ತಾರೆ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಒಬ್ಬರಿಗೇ ಆ ಹೊಣೆ ವಹಿಸಿ, ಅವರು ಮೊಬೈಲು ಮುಟ್ಟದಿರಲಿ. ಮದ್ಯ ಸೇವಿಸಿದವರನ್ನು ನೀರಿನಿಂದ ದೂರವಿಡಿ.

ಒಬ್ಬರು ಮುಳುಗುತ್ತಿದ್ದಾರೆಂದು ಈಜು ಬಾರದವರು ಧುಮುಕಬೇಡಿ. ಒಂದೇ ಮನೆಯ ಇಬ್ಬರು ಮೂವರು ಹೋಗುವುದು ಹೀಗೆಯೇ. ಸೀರೆ, ಹಗ್ಗ, ಉದ್ದನೆಯ ಕೋಲು, ಮುಚ್ಚಳ ಹಾಕಿದ ಖಾಲಿ ಕ್ಯಾನು, ಸಿಕ್ಕಿದ್ದನ್ನು ಎಸೆಯಿರಿ, ಜನರನ್ನು ಕೂಗಿ. ಮೇಲೆ ತಂದವರ ಹೊಟ್ಟೆ ಅದುಮಿ ನೀರು ತೆಗೆಯುವುದು, ತಲೆಕೆಳಗಾಗಿ ಹಿಡಿದು ತಿರುಗಿಸುವುದು ತಪ್ಪು. ಅದರಿಂದ ಅಮೂಲ್ಯವಾದ ನಿಮಿಷಗಳು ಹಾಳಾಗುತ್ತವೆ. ಉಸಿರಾಟವಿಲ್ಲದಿದ್ದರೆ ಕೂಡಲೇ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತ, ಎದೆಯ ಮಧ್ಯಭಾಗವನ್ನು ಒತ್ತಬೇಕು: ಮೂವತ್ತು ಸಲ ಒತ್ತಿ ಎರಡು ಬಾರಿ ಉಸಿರು. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಚೇತರಿಸಿಕೊಂಡರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಮಕ್ಕಳಿಗೆ ಈಜು ಕಲಿಸುವುದು ಸಂಗೀತ, ಟ್ಯೂಶನ್‌ಗಳಷ್ಟೇ ಅಗತ್ಯವೆಂದು ತಿಳಿಯಿರಿ.

ಕಾಡಿಗೆ ಹೋಗುವವರಿಗೆ

ಮಲೆನಾಡಿನ ಕಾಡಿನಲ್ಲಿ ಮಳೆಗಾಲದ ಇಂಬಳಕ್ಕೆ ಹೆದರಬೇಕಾಗಿಲ್ಲ. ಉಪ್ಪು ಮುಟ್ಟಿಸಿದರೆ ಬಿಡುತ್ತದೆ. ಹೆದರಬೇಕಾದದ್ದು ಡಿಸೆಂಬರಿನಿಂದ ಮೇ–ಜೂನ್‌ವರೆಗಿನ ಉಣ್ಣೆಗೆ, ಅಂದರೆ ಉಣುಗಿಗೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಇದೇ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ಪರಿಣಾಮ ಸಾಲದೆಂದು ನಿಲ್ಲಿಸಲಾಗಿದೆ. ಮೈಮುಚ್ಚುವ ಬಟ್ಟೆ ತೊಡಿ, ತರಗೆಲೆಯ ಮೇಲೆ ಕೂರಬೇಡಿ, ಮರಳಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಮೈಯೆಲ್ಲ ಪರೀಕ್ಷಿಸಿಕೊಳ್ಳಿ. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ. ಒಂದೆರಡು ವಾರದಲ್ಲಿ ಜ್ವರ, ತಲೆನೋವು ಬಂದರೆ ‘ಕಾಡಿಗೆ ಹೋಗಿದ್ದೆವು’ ಎಂದು ವೈದ್ಯರಿಗೆ ಹೇಳಲು ಮರೆಯಬೇಡಿ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಭಾಗ ಅಲುಗಾಡದಂತೆ ಇರಿಸಿ ನೇರವಾಗಿ ಆಸ್ಪತ್ರೆಗೆ ಹೋಗಿ.

ದೂರದ ಕಾಡಿಗೂ ಹೋಗಿ. ಆದರೆ ಎಲ್ಲರೂ ಹೋಗುವ ದಿನ ಬೇಡ. 2024ರ ಜನವರಿಯ ಸಾಲು ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಮಂದಿ ಒಮ್ಮೆಗೇ ಬಂದಾಗ ಅರಣ್ಯ ಇಲಾಖೆ ಚಾರಣವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಎರಡು ದಿನದ ದಾರಿಯನ್ನು ಒಂದೇ ದಿನದಲ್ಲಿ ಮುಗಿಸದೆ, ಅಲ್ಲಿ ಒಂದು ರಾತ್ರಿ ತಂಗಿ ನಿದ್ದೆ ಮಾಡಿ ಬನ್ನಿ.

ಅಲ್ಲಿಯವರೆಗೆ ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಎದ್ದು, ಮನೆಯಲ್ಲೇ ಮಾಡಿದ ಅವಲಕ್ಕಿಯನ್ನೋ ಚಪಾತಿಯನ್ನೋ ಕಟ್ಟಿಕೊಂಡು, ಕುಡಿಯುವ ನೀರಿನೊಡನೆ ನಿಮ್ಮೂರ ಕೆರೆಗೆ ಹೊರಡಿ. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆಯಬೇಡಿ, ಜೇಬಿನಲ್ಲಿ ಸ್ವಲ್ಪ ಸಕ್ಕರೆ ಇರಲಿ. ತಾತನನ್ನೂ ಕರೆದುಕೊಂಡು ಹೋಗಿ.